ಎಸೆಯುವ ಸೆಲ್ಲೇ? ತುಂಬಿಸುವ ಸೆಲ್ಲೇ?

ಮಕ್ಕಳೇ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಜನವರಿಯ ಹೊತ್ತಿಗೆ ಅಲ್ಲಿನ ಹುಣಸೆ ಮರಗಳು ಹಕ್ಕಿಗಳಿಂದ ತುಂಬಿಹೋಗುತ್ತವೆ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರಿನ ನಡುವೆಯೇ ಗೂಡು ಕಟ್ಟಿ ಮರಿ ಮಾಡುತ್ತವೆ. ಇಂಥ ಕಡೆ ಪರಿಸರ ಪ್ರವಾಸಕ್ಕೆ ಹೋಗುವಾಗ ಕೆಲವು ಶಾಲೆಯವರು ಸಣ್ಣ ಡಿಜಿಟಲ್ ಕ್ಯಾಮೆರಾ ಒಯ್ಯುತ್ತಾರೆ. ಅದಕ್ಕೆ ಹಾಕುವುದು ಅಂಗಡಿಯಲ್ಲಿ ಸಿಗುವ ಎರಡು ಪೆನ್ಸಿಲ್ ಸೆಲ್. ತಾಯಿ ಹಕ್ಕಿ ಮರಿಗೆ ಮೀನು ಉಣಿಸುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾದ ಪರದೆಯ ಮೇಲೆ ಕೆಂಪು ಗುರುತು ಮಿನುಗುತ್ತದೆ. ಕ್ಯಾಮೆರಾ ಆರಿಹೋಗುತ್ತದೆ. ತೆಗೆದದ್ದು ಹತ್ತೋ ಹದಿನೈದೋ ಚಿತ್ರ ಅಷ್ಟೇ!

ಅದೇ ಬಗೆಯ ಒಂದು ಸೆಲ್ ನಿಮ್ಮ ಶಾಲೆಯ ಗೋಡೆ ಗಡಿಯಾರದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಕ್ಯಾಮೆರಾದಲ್ಲಿ ಮಾತ್ರ ಅರ್ಧ ಗಂಟೆಯೂ ಬಾಳುವುದಿಲ್ಲ. ಏಕೆ ಹೀಗೆ? ಕ್ಯಾಮೆರಾಗೆ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೆಲ್ ಹಾಕಿದರೆ ಈ ತೊಂದರೆ ತಪ್ಪುತ್ತದೆಯೇ? ಬನ್ನಿ, ನೋಡೋಣ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಹಿರಿಯರು ಟಾರ್ಚನ್ನೇ ‘ಬ್ಯಾಟ್ರಿ’ ಎನ್ನುತ್ತಾರೆ. ಅದರೊಳಗೆ ಹಾಕುವುದು ‘ಶೆಲ್ಲು’. ವಿಜ್ಞಾನದಲ್ಲಿ ಒಂದೊಂದನ್ನು ಸೆಲ್ ಅಥವಾ ವಿದ್ಯುತ್ ಕೋಶ ಎನ್ನುತ್ತೇವೆ. ಒಂದಕ್ಕಿಂತ ಹೆಚ್ಚು ಸೆಲ್‌ಗಳನ್ನು ಜೋಡಿಸಿದರೆ ಅದು ಬ್ಯಾಟರಿ. ಹಾಗಾಗಿ ನಮ್ಮ ಅಜ್ಜಂದಿರು ಒಳಗಿನದನ್ನು ಸೆಲ್ ಎಂದು ಕರೆದದ್ದು ಸರಿಯಾಗಿಯೇ ಇದೆ!

ಸೆಲ್ಲಿನ ಒಳಗೆ ಏನಿದೆ?

ಸೆಲ್ ಎಂದರೆ ವಿದ್ಯುತ್ತನ್ನು ತುಂಬಿಟ್ಟ ಡಬ್ಬವಲ್ಲ. ಅದರಲ್ಲಿ ಇರುವುದು ರಾಸಾಯನಿಕಗಳು. ಅವುಗಳ ನಡುವೆ ಕ್ರಿಯೆ ನಡೆದಾಗ ರಾಸಾಯನಿಕ ಶಕ್ತಿಯು ವಿದ್ಯುತ್ ಶಕ್ತಿಯಾಗಿ ಬದಲಾಗುತ್ತದೆ.

ಸಾಮಾನ್ಯ ಶುಷ್ಕಕೋಶದ ಹೊರಗಿನ ಡಬ್ಬ ಸತುವಿನದು. ಅದೇ ಋಣಾಗ್ರ. ನಡುವೆ ಒಂದು ಇಂಗಾಲದ ಕಡ್ಡಿ ಇದೆ. ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡ್ ಸೇರಿದ ಕಪ್ಪು ಪುಡಿ. ಇದು ಧನಾಗ್ರದ ಕಡೆ. ಇವೆರಡರ ನಡುವೆ ಅಮೋನಿಯಂ ಕ್ಲೋರೈಡ್ ಅಥವಾ ಸತುವಿನ ಕ್ಲೋರೈಡ್ ಬೆರೆಸಿದ ಒದ್ದೆ ಸರಿ ಇರುತ್ತದೆ. ‘ಶುಷ್ಕ’ ಎಂದು ಹೆಸರಿದ್ದರೂ ಒಳಗೆ ಪೂರ್ತಿ ಒಣಗಿಲ್ಲ. ಪೂರ್ತಿ ಒಣಗಿದರೆ ಸೆಲ್ ಕೆಲಸ ಮಾಡುವುದೇ ಇಲ್ಲ. ಫ್ರಾನ್ಸಿನ ಲೆಕ್ಲಾಂಷೆ 1866ರಲ್ಲಿ ಮಾಡಿದ ದ್ರವದ ಸೆಲ್ಲೇ ಇದರ ಮೂಲ. ಜರ್ಮನಿಯ ಗಾಸ್ನರ್ 1886ರಲ್ಲಿ ದ್ರವದ ಬದಲು ಸರಿಯನ್ನು ಬಳಸಿ, ಎತ್ತ ತಿರುಗಿಸಿದರೂ ಚೆಲ್ಲದ ಸೆಲ್ ಮಾಡಿದರು.

ನೀವು ಟಾರ್ಚಿನ ಗುಂಡಿ ಒತ್ತಿದಾಗ ಸತು ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಕರಗುವಾಗ ಬಿಡುಗಡೆಯಾದ ಎಲೆಕ್ಟ್ರಾನುಗಳು ತಂತಿಯ ಮೂಲಕ ಹರಿದು, ಬಲ್ಬನ್ನು ಹಾದು, ಧನಾಗ್ರವನ್ನು ಸೇರುತ್ತವೆ. ಸತು ಸವೆದಂತೆ ಸೆಲ್ ಸೋಲುತ್ತದೆ. ಹಳೆಯ ಸೆಲ್‌ಗಳ ಮೈ ತೂತಾಗಿ ಅಂಟು ಸೋರುವುದನ್ನು ನೀವು ನೋಡಿರಬಹುದು. ಸತುವಿನ ಡಬ್ಬವೇ ಕರಗಿದರೆ ಸೋರದೆ ಇರುತ್ತದೆಯೇ?

ಸೌದೆಯೂ ಕೆರೆಯೂ

ಒಲೆಯಲ್ಲಿ ಸೌದೆ ಉರಿದು ಬೂದಿಯಾಗುತ್ತದೆ. ಬೂದಿಯನ್ನು ಮತ್ತೆ ಸೌದೆ ಮಾಡಲು ಬರುವುದಿಲ್ಲ. ಆದರೆ ಕೆರೆ ಬರಿದಾದರೆ? ಮತ್ತೆ ಮಳೆ ಬಂದಾಗ, ಇಲ್ಲವೇ ನಾಲೆಯಲ್ಲಿ ನೀರು ಬಿಟ್ಟಾಗ ಅದೇ ಕೆರೆ ತುಂಬುತ್ತದೆ.

ಸೆಲ್‌ಗಳಲ್ಲೂ ಹೀಗೆ ಎರಡು ಬಗೆ. ಒಮ್ಮೆ ಬಳಸಿ ಎಸೆಯುವ ಸೆಲ್ ಸೌದೆಯಂತೆ. ಅದರೊಳಗಿನ ಕ್ರಿಯೆ ಒಂದೇ ದಿಕ್ಕಿನಲ್ಲಿ ಚೆನ್ನಾಗಿ ನಡೆಯುತ್ತದೆ. ಹಿಂದಕ್ಕೆ ತಿರುಗಿಸಲು ಹೋದರೆ ಕರಗಿದ ಸತು ಮೊದಲಿದ್ದ ಜಾಗಕ್ಕೆ ಅಚ್ಚುಕಟ್ಟಾಗಿ ಬಂದು ಕೂರುವುದಿಲ್ಲ. ಒಳಗೆ ಅನಿಲ ತುಂಬಿ ಸೆಲ್ ಸೋರಬಹುದು, ಸಿಡಿಯಲೂಬಹುದು. ಇದಕ್ಕೆ ಪ್ರಾಥಮಿಕ ಕೋಶ ಎಂದು ಹೆಸರು.

ಮರುಚಾರ್ಜ್ ಸೆಲ್ ಕೆರೆಯಂತೆ. ಅದರಲ್ಲಿ ಹೊರಗಿನಿಂದ ವಿದ್ಯುತ್ತನ್ನು ಎದುರು ದಿಕ್ಕಿನಲ್ಲಿ ಹರಿಸಿದರೆ ರಾಸಾಯನಿಕಗಳು ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಇದು ದ್ವಿತೀಯಕ ಕೋಶ. ಇಂಥ ಮೊದಲ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಮಾಡಿದರು. ಅದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಟ್ರ್ಯಾಕ್ಟರ್, ಬಸ್ಸು, ಮನೆಯ ಯು.ಪಿ.ಎಸ್.ನಲ್ಲಿ ಈಗಲೂ ಅದೇ ಬಗೆಯದನ್ನು ನೋಡುತ್ತೇವೆ.

ಪೆನ್ಸಿಲ್ ಸೆಲ್ಲಿನ ಗಾತ್ರದಲ್ಲಿ ಸಿಗುವ ಮರುಚಾರ್ಜ್ ಸೆಲ್ ಹೆಚ್ಚಾಗಿ ನಿಕಲ್-ಮೆಟಲ್ ಹೈಡ್ರೈಡ್ ಬಗೆಯದು. ಅದರ ಒಂದು ಕಡೆ ನಿಕಲ್ ಲೋಹದ ಸಂಯುಕ್ತ. ಇನ್ನೊಂದು ಕಡೆ ವಿಶೇಷ ಲೋಹಗಳ ಮಿಶ್ರಣ. ಸ್ಪಂಜು ನೀರನ್ನು ಹೀರಿಕೊಂಡಂತೆ ಈ ಮಿಶ್ರಣ ಹೈಡ್ರೋಜನ್ನನ್ನು ಹೀರಿ ಹಿಡಿದುಕೊಳ್ಳುತ್ತದೆ. ಸೆಲ್ ಕೆಲಸ ಮಾಡುವಾಗ ಹೈಡ್ರೋಜನ್ ಅಲ್ಲಿಂದ ಬಿಡುಗಡೆಯಾಗುತ್ತದೆ. ಚಾರ್ಜ್ ಮಾಡಿದಾಗ ಮತ್ತೆ ಅಲ್ಲಿಗೇ ಬಂದು ಸೇರುತ್ತದೆ. ಹೀಗೆ ನೂರಾರು ಬಾರಿ ಹೋಗಿ ಬರಬಲ್ಲದು.

ಕ್ಯಾಮೆರಾದ ಹಸಿವು

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಗಡಿಯಾರದಲ್ಲಿ ವರ್ಷ ಬಾಳುವ ಸೆಲ್ ಕ್ಯಾಮೆರಾದಲ್ಲಿ ಏಕೆ ಸೋಲುತ್ತದೆ?

ವಿದ್ಯುತ್ ಪ್ರವಾಹವನ್ನು ಆಂಪಿಯರ್‌ನಲ್ಲಿ ಅಳೆಯುತ್ತೇವೆ. ಅದರ ಸಾವಿರದ ಒಂದು ಭಾಗ ಒಂದು ಮಿಲಿಆಂಪಿಯರ್. ಗೋಡೆ ಗಡಿಯಾರಕ್ಕೆ ಅರ್ಧ ಮಿಲಿಆಂಪಿಯರ್ ಕೂಡ ಬೇಡ. ಹಳೆಯ ಸಣ್ಣ ಬಲ್ಬಿನ ಟಾರ್ಚಿಗೆ ಸುಮಾರು 300 ಮಿಲಿಆಂಪಿಯರ್ ಬೇಕು. ಕ್ಯಾಮೆರಾ ಏನೇನು ಕೆಲಸ ಮಾಡಬೇಕು ಯೋಚಿಸಿ. ಹಿಂದಿನ ಪರದೆ ಬೆಳಗಬೇಕು. ಮಸೂರ ಮುಂದೆ ಹಿಂದೆ ಸರಿಯಬೇಕು. ಚಿತ್ರವನ್ನು ಕಾರ್ಡಿನಲ್ಲಿ ಬರೆದಿಡಬೇಕು. ಫ್ಲಾಷ್ ಇದ್ದರಂತೂ ಅದಕ್ಕೂ ಶಕ್ತಿ ತುಂಬಬೇಕು. ಇವೆಲ್ಲ ಒಟ್ಟಾದಾಗ ಕ್ಯಾಮೆರಾ 1000 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರ್‌ನಷ್ಟು ಅಥವಾ ಇನ್ನೂ ಹೆಚ್ಚು ಪ್ರವಾಹ ಕೇಳುತ್ತದೆ. ಗಡಿಯಾರಕ್ಕೆ ಬೇಕಾದ ಪ್ರವಾಹದ ಸಾವಿರಾರು ಪಟ್ಟು!

ಮತ್ತೆ ಕೆರೆಯನ್ನೇ ನೆನೆಯಿರಿ. ಕೆರೆಯಲ್ಲಿ ನೀರು ತುಂಬಿದೆ, ಆದರೆ ತೂಬು ಚಿಕ್ಕದು. ಒಂದು ಗುಂಟೆ ಸೊಪ್ಪಿನ ಮಡಿಗೆ ಅಷ್ಟು ನೀರು ಸಾಕು. ಹತ್ತು ಎಕರೆ ಗದ್ದೆಗೆ ಒಂದೇ ಸಲ ಹರಿಸಬೇಕೆಂದರೆ ಆ ತೂಬಿನಿಂದ ಆಗುವುದಿಲ್ಲ. ಕೆರೆ ತುಂಬಿದ್ದರೂ ಗದ್ದೆ ಒಣಗುತ್ತದೆ.

ಸಾಮಾನ್ಯ ಶುಷ್ಕಕೋಶದ ‘ತೂಬು’ ಚಿಕ್ಕದು. ಇದನ್ನು ವಿಜ್ಞಾನದಲ್ಲಿ ‘ಆಂತರಿಕ ರೋಧ ಹೆಚ್ಚು’ ಎನ್ನುತ್ತಾರೆ. ಅಂದರೆ ಪ್ರವಾಹ ಹೊರಬರಲು ಸೆಲ್ಲಿನ ಒಳಗೇ ಅಡ್ಡಿ ಇದೆ. ಕ್ಷಾರೀಯ ಸೆಲ್, ಅಂದರೆ ಅಂಗಡಿಯವರು ‘ಆಲ್ಕಲೈನ್’ ಎಂದು ಕೊಡುವ ತುಸು ದುಬಾರಿ ಸೆಲ್ಲಿನಲ್ಲಿ ಈ ರೋಧ ಕಡಿಮೆ. ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲಿನಲ್ಲಿ ಅದು ತೀರಾ ಕಡಿಮೆ.

ಕ್ಯಾಮೆರಾದಲ್ಲಿ ‘ಸತ್ತ’ ಎಸೆಯುವ ಸೆಲ್ ನಿಜವಾಗಿ ಪೂರ್ತಿ ಸತ್ತಿರುವುದಿಲ್ಲ. ಅದನ್ನು ತೆಗೆದು ಗಡಿಯಾರಕ್ಕೆ ಹಾಕಿ ನೋಡಿ. ಎಷ್ಟೋ ಬಾರಿ ತಿಂಗಳುಗಟ್ಟಲೆ ನಡೆಯುತ್ತದೆ. ಅಂದರೆ ಕ್ಯಾಮೆರಾ ಬಳಸುವವರು ಒಳಗೆ ಇನ್ನೂ ಶಕ್ತಿ ಉಳಿದಿರುವ ಸೆಲ್‌ಗಳನ್ನೇ ಎಸೆಯುತ್ತಿರುತ್ತಾರೆ!

ಸೋತ ಸೆಲ್‌ಗಳನ್ನು ಬಿಸಿಲಿಗಿಟ್ಟು ಮತ್ತೆ ಟಾರ್ಚಿಗೆ ಹಾಕುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಬೆಳಕು ಸ್ವಲ್ಪ ಹೊತ್ತು ಬರುವುದು ನಿಜ. ವಿಶ್ರಾಂತಿ ಸಿಕ್ಕಾಗ ಒಳಗಿನ ವಸ್ತುಗಳು ಸ್ವಲ್ಪ ಸಮನಾಗಿ ಹರಡಿಕೊಳ್ಳುತ್ತವೆ. ಬೆಚ್ಚಗಾದಾಗ ಕ್ರಿಯೆ ತುಸು ಚುರುಕಾಗುತ್ತದೆ. ಅಷ್ಟೇ ಹೊರತು ಬಿಸಿಲಿನಿಂದ ಸೆಲ್ ಚಾರ್ಜ್ ಆಗುವುದಿಲ್ಲ. ಹೆಚ್ಚು ಕಾಯಿಸಿದರೆ ಸೋರುವ ಅಪಾಯವೂ ಇದೆ.

ಕಮ್ಮಿ ಇರೋದು ಹೆಂಗ್ ಸಾ ಜಾಸ್ತಿ ಬತ್ತದೆ?

ಮಳವಳ್ಳಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಎರಡೂ ಬಗೆಯ ಸೆಲ್ ತೋರಿಸುತ್ತಿದ್ದಾಗ ಏಳನೇ ತರಗತಿಯ ಹುಡುಗನೊಬ್ಬ ಅವುಗಳ ಮೇಲಿನ ಬರಹ ಓದಿ ಕೇಳಿದ: “ಎಸೆಯೋ ಸೆಲ್ ಮ್ಯಾಲೆ 1.5 ವೋಲ್ಟ್ ಅಂತ ಐತೆ. ಚಾರ್ಜ್ ಮಾಡೋದ್ರ ಮ್ಯಾಲೆ 1.2 ಅಂತ ಐತೆ. ಕಮ್ಮಿ ಇರೋದು ಹೆಂಗ್ ಸಾ ಜಾಸ್ತಿ ಬತ್ತದೆ?”

ಎಂಥ ಒಳ್ಳೆಯ ಪ್ರಶ್ನೆ! ಉತ್ತರಕ್ಕೆ ಒಂದು ಚಿಕ್ಕ ಲೆಕ್ಕ ಮಾಡೋಣ. ಪ್ರವಾಹವನ್ನು ಆಂತರಿಕ ರೋಧದಿಂದ ಗುಣಿಸಿದರೆ ಸೆಲ್ಲಿನ ಒಳಗೇ ನಷ್ಟವಾಗುವ ವೋಲ್ಟ್ ಸಿಗುತ್ತದೆ. ರೋಧದ ಮಾನ ಓಮ್.

ಸಾಮಾನ್ಯ ಶುಷ್ಕಕೋಶ: ಆಂತರಿಕ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಒಂದು ಆಂಪಿಯರ್ ಕೇಳಿದರೆ ಒಳಗೇ ನಷ್ಟವಾಗುವುದು 0.5 ವೋಲ್ಟ್. ಉಳಿಯುವುದು 1.5 – 0.5 = 1.0 ವೋಲ್ಟ್.

ಮರುಚಾರ್ಜ್ ಸೆಲ್: ಆಂತರಿಕ ರೋಧ 0.03 ಓಮ್ ಎಂದಿಟ್ಟುಕೊಳ್ಳಿ. ನಷ್ಟವಾಗುವುದು 0.03 ವೋಲ್ಟ್ ಮಾತ್ರ. ಉಳಿಯುವುದು 1.2 – 0.03 = 1.17 ವೋಲ್ಟ್.

ನೋಡಿದಿರಾ? ಕೆಲಸದ ಹೊತ್ತಿನಲ್ಲಿ 1.2ರ ಸೆಲ್ಲೇ ಗೆದ್ದಿತು! ಸೆಲ್ ಒಂದಕ್ಕೆ ಸುಮಾರು ಒಂದು ವೋಲ್ಟಿಗೆ ಇಳಿದರೆ ಅನೇಕ ಕ್ಯಾಮೆರಾಗಳು ‘ಸೆಲ್ ಖಾಲಿ’ ಎಂದು ತಿಳಿದು ನಿಂತುಬಿಡುತ್ತವೆ. ಸಾಮಾನ್ಯ ಶುಷ್ಕಕೋಶ ಹೊಸದಿದ್ದಾಗಲೇ ಆ ಗಡಿಯಲ್ಲಿದೆ. ಕ್ಷಾರೀಯ ಸೆಲ್ ಮೊದಲು ಚೆನ್ನಾಗಿ ನಡೆದರೂ ಬಳಸಿದಂತೆ ಅದರ ವೋಲ್ಟ್ ಒಂದೇ ಸಮನೆ ಇಳಿಯುತ್ತ ಹೋಗುತ್ತದೆ. ಮರುಚಾರ್ಜ್ ಸೆಲ್ ಮಾತ್ರ ಬಹಳ ಹೊತ್ತು 1.2ರ ಆಸುಪಾಸಿನಲ್ಲೇ ನಿಂತು, ಕೊನೆಯಲ್ಲಿ ಥಟ್ಟನೆ ಇಳಿಯುತ್ತದೆ.

ಪೆನ್ಸಿಲ್ ಸೆಲ್ ಬಳಸುವ ಕೆಲವು ಕ್ಯಾಮೆರಾಗಳ ಕೈಪಿಡಿಯಲ್ಲೇ ಈ ವ್ಯತ್ಯಾಸ ಅಚ್ಚಾಗಿರುತ್ತದೆ. ಒಂದು ಜೊತೆ ಕ್ಷಾರೀಯ ಸೆಲ್ಲಿಗೆ ಸುಮಾರು ನೂರು ಚಿತ್ರ. ಒಂದು ಜೊತೆ ಮರುಚಾರ್ಜ್ ಸೆಲ್ಲಿಗೆ ಮುನ್ನೂರು, ನಾನ್ನೂರು ಚಿತ್ರ.

ಒಂದು ಎಚ್ಚರಿಕೆ. ಕೆಲವು ಕ್ಯಾಮೆರಾಗಳು 1.2 ವೋಲ್ಟ್ ನೋಡಿ, ತುಂಬಿದ ಸೆಲ್ಲನ್ನೂ ‘ಅರ್ಧ ಖಾಲಿ’ ಎಂದು ತೋರಿಸುತ್ತವೆ. ಗಾಬರಿ ಬೇಡ. ಸೆಲ್ ಯಾವ ಬಗೆಯದು ಎಂದು ತಿಳಿಸುವ ಆಯ್ಕೆ ಕ್ಯಾಮೆರಾದಲ್ಲಿ ಇದ್ದರೆ ಅದನ್ನು ಬದಲಿಸಿಕೊಳ್ಳಿ.

ದುಡ್ಡಿನ ಲೆಕ್ಕ

ಮರುಚಾರ್ಜ್ ಸೆಲ್ ದುಬಾರಿ, ಜೊತೆಗೆ ಚಾರ್ಜರ್ ಬೇರೆ ಕೊಳ್ಳಬೇಕು. ನಿಜ. ಶಾಲೆಯ ಖರ್ಚಿಗೆ ಬರುವ ಹಣವೇ ಕಡಿಮೆ. ಆದ್ದರಿಂದ ಲೆಕ್ಕ ಹಾಕಿಯೇ ತೀರ್ಮಾನಿಸೋಣ. ಇಲ್ಲಿರುವ ಬೆಲೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ಅಂಗಡಿಯಲ್ಲಿ ಕೇಳಿ ಸರಿಯಾದ ಬೆಲೆ ಹಾಕಿಕೊಳ್ಳಿ.

ಒಂದು ಕ್ಷಾರೀಯ ಸೆಲ್ಲಿಗೆ 30 ರೂಪಾಯಿ. ಒಂದು ಜೊತೆಗೆ 60 ರೂಪಾಯಿ. ಅದರಿಂದ 100 ಚಿತ್ರ. ಇನ್ನೊಂದು ಕಡೆ ನಾಲ್ಕು ಮರುಚಾರ್ಜ್ ಸೆಲ್ ಮತ್ತು ಚಾರ್ಜರ್ ಸೇರಿ 1200 ರೂಪಾಯಿ.

1200ನ್ನು 60ರಿಂದ ಭಾಗಿಸಿದರೆ 20. ಅಂದರೆ 20 ಜೊತೆ ಕ್ಷಾರೀಯ ಸೆಲ್ ಕೊಳ್ಳುವ ಹಣದಲ್ಲಿ ಮರುಚಾರ್ಜ್ ಸೆಲ್ಲೂ ಚಾರ್ಜರೂ ಬರುತ್ತವೆ. 20 ಜೊತೆಗೆ 2000 ಚಿತ್ರ. ಆದ್ದರಿಂದ 2000 ಚಿತ್ರ ದಾಟಿದ ಮೇಲೆ ಬರುವುದೆಲ್ಲ ಉಳಿತಾಯ. ಅಷ್ಟು ಚಿತ್ರಕ್ಕೆ ಮರುಚಾರ್ಜ್ ಸೆಲ್‌ಗಳನ್ನು ಎಷ್ಟು ಬಾರಿ ತುಂಬಿಸಬೇಕು? ಒಂದು ಬಾರಿಗೆ 300 ಚಿತ್ರ ಎಂದರೆ ಏಳು ಬಾರಿ ಸಾಕು. ನೂರಾರು ಬಾರಿ ತುಂಬಿಸಬಹುದಾದ ಸೆಲ್ಲಿಗೆ ಏಳು ಬಾರಿ ಯಾವ ಲೆಕ್ಕ!

ಆದರೆ ಇನ್ನೊಂದು ಮಗ್ಗುಲೂ ಇದೆ. ನಿಮ್ಮ ಶಾಲೆಯಲ್ಲಿ ವರ್ಷಕ್ಕೆ 200 ಚಿತ್ರ ಮಾತ್ರ ತೆಗೆಯುತ್ತೀರಿ ಎನ್ನಿ. 2000 ಚಿತ್ರ ಆಗಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ಸೆಲ್‌ಗಳಿಗೇ ವಯಸ್ಸಾಗಿರುತ್ತದೆ. ಹಾಗಾದರೆ ನಷ್ಟವೇ? ಕಪಾಟಿನಲ್ಲಿ ಇಟ್ಟರೆ ನಷ್ಟವೇ ಸರಿ. ಅವೇ ಸೆಲ್‌ಗಳನ್ನು ಟಾರ್ಚಿಗೆ, ಪ್ರಯೋಗದ ಪುಟ್ಟ ಮೋಟಾರಿಗೆ, ರೇಡಿಯೊಗೆ, ಶಾಲಾ ವಾರ್ಷಿಕೋತ್ಸವದ ಮೈಕಿಗೆ ಬಳಸಿದರೆ ಲಾಭ. ಆಕಾಶವಾಣಿಯ ‘ಕೇಳಿ ಕಲಿ’ ಪಾಠಗಳಿಗೆಂದು ರೇಡಿಯೊ ಇಟ್ಟುಕೊಂಡಿದ್ದ ಶಾಲೆಗಳಲ್ಲಿ ಪಾಠದ ಹೊತ್ತಿಗೇ ಕರೆಂಟ್ ಹೋದಾಗ ಸೆಲ್ಲಿನ ಬೆಲೆ ಏನೆಂದು ಗೊತ್ತಾಗುತ್ತಿತ್ತು. ಎಸೆಯುವ ಸೆಲ್ ಬಳಸಿದಷ್ಟೂ ಖರ್ಚು. ಮರುಚಾರ್ಜ್ ಸೆಲ್ ಬಳಸಿದಷ್ಟೂ ಅಗ್ಗ.

ಶಿವನಸಮುದ್ರದಿಂದ ಸೆಲ್ಲಿನವರೆಗೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ನದಿಯ ಜಲಪಾತದಿಂದ ವಿದ್ಯುತ್ ತಯಾರಿಸಲು ಆರಂಭಿಸಿದ್ದು 1902ರಲ್ಲಿ. ಆ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳುಹಿಸಿದರು. 1905ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ದೀಪ ಬೆಳಗಿದ್ದೂ ಇದರಿಂದಲೇ.

ತಂತಿಯಲ್ಲಿ ಬರುವ ವಿದ್ಯುತ್ತನ್ನು ಕೊಕ್ಕರೆ ಬೆಳ್ಳೂರಿನ ಹುಣಸೆ ಮರದ ಕೆಳಗೆ ಕೈಯಲ್ಲಿ ಹಿಡಿದು ಒಯ್ಯಲು ಆಗುವುದಿಲ್ಲ. ಅದಕ್ಕೇ ಚಾರ್ಜರ್ ಮತ್ತು ಮರುಚಾರ್ಜ್ ಸೆಲ್ ಬೇಕು. ನಮ್ಮ ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟಿನ ಪರ್ಯಾಯ ವಿದ್ಯುತ್ ಇದೆ. ಅದರ ದಿಕ್ಕು ಒಂದು ಸೆಕೆಂಡಿನಲ್ಲಿ ಹಲವಾರು ಬಾರಿ ಬದಲಾಗುತ್ತಿರುತ್ತದೆ. ಚಾರ್ಜರ್ ಅದನ್ನು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ವಿದ್ಯುತ್ ಮಾಡಿ, ವೋಲ್ಟನ್ನು ಬಹಳ ತಗ್ಗಿಸಿ, ಸೆಲ್ಲಿನೊಳಕ್ಕೆ ಹರಿಸುತ್ತದೆ.

ಎಷ್ಟು ಹೊತ್ತು ಚಾರ್ಜ್ ಮಾಡಬೇಕು? ಸೆಲ್ಲಿನ ಮೇಲೆ 2000 ಎಂ.ಎ.ಎಚ್. ಎಂಬಂತೆ ಬರೆದಿರುತ್ತದೆ. ಇದು ಮಿಲಿಆಂಪಿಯರ್ ಗಂಟೆ ಎಂಬುದರ ಚಿಕ್ಕ ರೂಪ. ಚಾರ್ಜರ್ 250 ಮಿಲಿಆಂಪಿಯರ್ ಕೊಡುತ್ತದೆ ಎನ್ನಿ. 2000 ಭಾಗಿಸು 250 ಎಂದರೆ 8 ಗಂಟೆ. ಸ್ವಲ್ಪ ಶಕ್ತಿ ಶಾಖವಾಗಿ ಹೋಗುವುದರಿಂದ ಐದನೇ ಒಂದು ಭಾಗ ಹೆಚ್ಚಿಗೆ ಸೇರಿಸಿ. ಒಂಬತ್ತೂವರೆ ಗಂಟೆ ಆಯಿತು. ನಡುವೆ ಕರೆಂಟ್ ಹೋದರೆ ಎಷ್ಟು ಹೊತ್ತು ಹೋಗಿತ್ತೋ ಅಷ್ಟು ಹೊತ್ತು ಮುಂದುವರಿಸಬೇಕು. ಸೆಲ್ ತುಂಬಿದೊಡನೆ ತಾನೇ ನಿಲ್ಲುವ ಚಾರ್ಜರ್ ಸಿಕ್ಕರೆ ಇನ್ನೂ ಒಳ್ಳೆಯದು.

ಕರೆಂಟಿನ ಖರ್ಚು? ಒಂದು ಜೊತೆ ತುಂಬಿಸಲು, ನಷ್ಟವೂ ಸೇರಿ, ಹತ್ತು ವ್ಯಾಟ್ ಗಂಟೆ ಸಾಕು. ಒಂದು ಯೂನಿಟ್ ಎಂದರೆ 1000 ವ್ಯಾಟ್ ಗಂಟೆ. ಅಂದರೆ ಒಂದು ಯೂನಿಟ್ ಕರೆಂಟಿನಲ್ಲಿ ಸುಮಾರು ನೂರು ಬಾರಿ ತುಂಬಿಸಬಹುದು!

ಬಳಸುವಾಗ ನೆನಪಿರಲಿ

• ಎಸೆಯುವ ಸೆಲ್ಲನ್ನು ಎಂದೂ ಚಾರ್ಜರಿಗೆ ಹಾಕಬೇಡಿ. ಸೆಲ್ಲಿನ ಮೇಲೆ ಮರುಚಾರ್ಜ್ ಮಾಡಬಹುದು ಎಂದು ಬರೆದಿದೆಯೇ ಎಂದು ಮೊದಲು ಓದಿ.

• ಹೊಸದು ಹಳೆಯದು, ತುಂಬಿದ್ದು ಖಾಲಿಯಾದದ್ದು, ಒಂದು ಬಗೆ ಇನ್ನೊಂದು ಬಗೆ ಬೆರೆಸಬೇಡಿ. ಬೆರೆಸಿದರೆ ದುರ್ಬಲ ಸೆಲ್ ಮೊದಲು ಬರಿದಾಗುತ್ತದೆ. ಬಲವಾದ ಸೆಲ್ ಅದರ ಮೂಲಕವೂ ಪ್ರವಾಹವನ್ನು ನೂಕುತ್ತಲೇ ಇರುತ್ತದೆ. ಆಗ ದುರ್ಬಲ ಸೆಲ್ ಕೆಟ್ಟು ಸೋರುತ್ತದೆ. ಒಂದು ಜೊತೆಗೆ ‘ಅ’, ಇನ್ನೊಂದಕ್ಕೆ ‘ಆ’ ಎಂದು ಪೆನ್ನಿನಲ್ಲಿ ಗುರುತು ಮಾಡಿ. ಒಂದು ಜೊತೆ ಯಾವಾಗಲೂ ಒಟ್ಟಿಗೇ ಇರಲಿ.

• ಪ್ರವಾಸದ ಹಿಂದಿನ ರಾತ್ರಿಯೇ ಚಾರ್ಜ್ ಮಾಡಿ. ಸಾಮಾನ್ಯ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ ಸುಮ್ಮನೆ ಇಟ್ಟರೂ ವಾರ ವಾರಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. 2005ರಿಂದ ಈಚೆಗೆ ಬಂದ ಹೊಸ ಬಗೆಯ ಸೆಲ್‌ಗಳಲ್ಲಿ ಈ ಸೋರಿಕೆ ಬಹಳ ಕಡಿಮೆ. ಕೊಳ್ಳುವಾಗ ಅಂಥದ್ದನ್ನು ಕೇಳಿ.

• ಧನ, ಋಣ ಗುರುತು ನೋಡಿ ಹಾಕಿ. ಚಾರ್ಜ್ ಆಗುವಾಗ ಸೆಲ್ ಬೆಚ್ಚಗಾಗುವುದು ಸಹಜ. ಮುಟ್ಟಲಾರದಷ್ಟು ಬಿಸಿಯಾದರೆ ದೊಡ್ಡವರಿಗೆ ಹೇಳಿ ನಿಲ್ಲಿಸಿ.

• ಜೇಬಿನಲ್ಲಿ ನಾಣ್ಯ, ಬೀಗದ ಕೈ ಜೊತೆ ಸೆಲ್ ಇಡಬೇಡಿ. ಎರಡೂ ತುದಿಗೆ ಲೋಹ ತಗುಲಿದರೆ ಒಮ್ಮೆಲೇ ಹೆಚ್ಚು ಪ್ರವಾಹ ಹರಿದು ಕೈ ಸುಡುವಷ್ಟು ಕಾಯುತ್ತದೆ.

• ಬೇಸಿಗೆ ರಜೆಗೆ ಮೊದಲು ಕ್ಯಾಮೆರಾ, ಟಾರ್ಚಿನಿಂದ ಸೆಲ್ ತೆಗೆದು ತಂಪಾದ, ಒಣ ಜಾಗದಲ್ಲಿಡಿ. ಸೋರಿದ ಸೆಲ್ಲಿನ ಬಿಳಿ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಣ್ಣಿಗೆ ತಗುಲಿಸಬೇಡಿ.

ಎಲ್ಲಿ ಬೇಡ?

ಎಲ್ಲ ಕಡೆಗೂ ಮರುಚಾರ್ಜ್ ಸೆಲ್ಲೇ ಸರಿ ಎಂದಲ್ಲ. ಗೋಡೆ ಗಡಿಯಾರ ಬಹಳ ಕಡಿಮೆ ಪ್ರವಾಹವನ್ನು ಬಹಳ ಕಾಲ ಬಳಸುತ್ತದೆ. ಅದಕ್ಕೆ ಮರುಚಾರ್ಜ್ ಸೆಲ್ ಹಾಕಿದರೆ ಗಡಿಯಾರ ಬಳಸುವುದಕ್ಕಿಂತ ಹೆಚ್ಚು ಶಕ್ತಿ ತಾನಾಗಿಯೇ ಸೋರಿಹೋಗಬಹುದು. ಟಿ.ವಿ. ರಿಮೋಟಿಗೂ ಇದೇ ಮಾತು. ಅಪರೂಪಕ್ಕೆ ಬಳಸುವ ಟಾರ್ಚಿಗೂ ಎಸೆಯುವ ಸೆಲ್ ಒಳ್ಳೆಯದು.

ನಿಯಮ ಸುಲಭ: ಹೆಚ್ಚು ಪ್ರವಾಹ ಕೇಳುವ, ಪದೇ ಪದೇ ಬಳಸುವ ಉಪಕರಣಕ್ಕೆ ಮರುಚಾರ್ಜ್ ಸೆಲ್. ಕಡಿಮೆ ಪ್ರವಾಹ ಕೇಳುವ, ನಿಧಾನವಾಗಿ ನಡೆಯುವ ಉಪಕರಣಕ್ಕೆ ಎಸೆಯುವ ಸೆಲ್.

ಸೋತ ಸೆಲ್ ಎಲ್ಲಿಗೆ ಹೋಗಬೇಕು?

ನಮ್ಮ ಲೆಕ್ಕದಲ್ಲಿ 2000 ಚಿತ್ರಕ್ಕೆ 40 ಎಸೆಯುವ ಸೆಲ್ ಬೇಕಾದವು. ಅವೆಲ್ಲ ಎಲ್ಲಿಗೆ ಹೋಗುತ್ತವೆ? ಹೆಚ್ಚಿನವು ತಿಪ್ಪೆಗೆ. ತಿಪ್ಪೆ ಗೊಬ್ಬರ ಹೊಲಗದ್ದೆಗೆ. ಮಳೆ ಬಂದಾಗ ಒಂದಿಷ್ಟು ಹಳ್ಳಕ್ಕೆ, ಶಿಂಷಾ ನದಿಗೆ. ಕೊಕ್ಕರೆಗಳು ಮೀನು ಹಿಡಿಯುವುದು ಇಂಥ ಕೆರೆ ಹೊಳೆಗಳಲ್ಲೇ ಅಲ್ಲವೇ? ತುಕ್ಕು ಹಿಡಿದ ಸೆಲ್ಲಿನಿಂದ ಸತು, ಮ್ಯಾಂಗನೀಸ್, ಕ್ಷಾರ ಮಣ್ಣಿಗೆ ಸೇರುತ್ತವೆ. ಬೆಂಕಿಗೆ ಹಾಕಿದರೆ ಸೆಲ್ ಸಿಡಿಯುತ್ತದೆ. ಒಳಗಿನ ಕಪ್ಪು ಕಡ್ಡಿಯಿಂದ ಬರೆಯಲು ಸೆಲ್ ಒಡೆಯುವ ಆಟವನ್ನಂತೂ ಆಡಲೇಬೇಡಿ.

ಮರುಚಾರ್ಜ್ ಸೆಲ್ಲಿಗೂ ಒಂದು ದಿನ ಕೊನೆ ಇದೆ. ಅದನ್ನೂ ತಿಪ್ಪೆಗೆ ಎಸೆಯಬಾರದು. ಭಾರತ ಸರ್ಕಾರ 2022ರಲ್ಲಿ ಬ್ಯಾಟರಿ ತ್ಯಾಜ್ಯದ ನಿಯಮಗಳನ್ನು ತಂದಿದೆ. ಅದರಂತೆ ಬಳಸಿ ಮುಗಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಅವುಗಳ ಲೋಹಗಳನ್ನು ಮತ್ತೆ ಬಳಕೆಗೆ ತರುವ ಹೊಣೆ ತಯಾರಕರದು. ಸೆಲ್ಲಿನ ಮೇಲೆ ಅಡ್ಡಗೆರೆ ಎಳೆದ ಕಸದ ತೊಟ್ಟಿಯ ಚಿತ್ರ ಕಂಡರೆ ‘ಮನೆಯ ಕಸದ ಜೊತೆ ಹಾಕಬೇಡಿ’ ಎಂದು ಅರ್ಥ. ಶಾಲೆಯಲ್ಲಿ ಒಂದು ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಇಟ್ಟು ಹಳೆಯ ಸೆಲ್‌ಗಳನ್ನು ಒಣಗಿರುವಂತೆ ಕೂಡಿಡಿ. ಡಬ್ಬ ತುಂಬಿದ ಮೇಲೆ ಎಲ್ಲಿ ಕೊಡಬೇಕೆಂದು ನಿಮ್ಮ ಗುರುಗಳ ಮೂಲಕ ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ನಿಮಗಿದು ಗೊತ್ತೇ?

• ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಸುತ್ತಲಿನ ಕಾಡು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ಇಂಥ ಕಾಡುಗಳಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾಗಳು ಪ್ರಾಣಿ ಹಾದುಹೋದೊಡನೆ ತಾವಾಗಿಯೇ ಚಿತ್ರ ತೆಗೆಯುತ್ತವೆ. ಹಗಲು ರಾತ್ರಿ ಕಾಯಬೇಕಾದ ಈ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಎಂಟು, ಹನ್ನೆರಡು ಪೆನ್ಸಿಲ್ ಸೆಲ್ ಬೇಕು. ಸೆಲ್ ಸೋತರೆ ಚಿರತೆ ಬಂದು ಹೋದದ್ದೂ ತಿಳಿಯುವುದಿಲ್ಲ!

• ಮೊಬೈಲ್ ಫೋನಿನಲ್ಲಿ, ಈಗಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುವುದು ಲಿಥಿಯಂ-ಅಯಾನ್ ಬ್ಯಾಟರಿ. ಇದೂ ಮರುಚಾರ್ಜ್ ಬಗೆಯದೇ. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ಇದಕ್ಕೆ ಇದರದೇ ಚಾರ್ಜರ್ ಬೇಕು. ನಿಕಲ್ ಸೆಲ್ಲಿನ ಚಾರ್ಜರಿಗೆ ಹಾಕಬಾರದು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಬಳಸಲೂಬಾರದು.

• ಆ ಲಿಥಿಯಂ ನಮ್ಮ ಮಂಡ್ಯ ಜಿಲ್ಲೆಯ ನೆಲದಲ್ಲೂ ಇದೆ! ಮರಳಗಾಲ, ಅಲ್ಲಾಪಟ್ಟಣದ ಬಳಿಯ ಶಿಲೆಗಳಲ್ಲಿ ಸುಮಾರು 1600 ಟನ್ ಲಿಥಿಯಂ ಇರಬಹುದೆಂಬ ಪ್ರಾಥಮಿಕ ಅಂದಾಜನ್ನು ಕೇಂದ್ರ ಸರ್ಕಾರ 2021ರಲ್ಲಿ ಸಂಸತ್ತಿಗೆ ತಿಳಿಸಿತು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದೇ ಬಗೆಯ ಎರಡು ಪುಟ್ಟ ಆಟಿಕೆ ಮೋಟಾರು, ಎರಡು ಸೆಲ್ ಹಿಡಿಕೆ, ಹೊಸದಾದ ಸಾಮಾನ್ಯ ಶುಷ್ಕಕೋಶ ಎರಡು, ತುಂಬಿಸಿದ ಮರುಚಾರ್ಜ್ ಸೆಲ್ ಎರಡು, ರಟ್ಟಿನ ರೆಕ್ಕೆ, ಗಡಿಯಾರ.

ವಿಧಾನ: ಎರಡೂ ಮೋಟಾರಿಗೆ ಒಂದೇ ಅಳತೆಯ ರೆಕ್ಕೆ ಸಿಕ್ಕಿಸಿ. ಒಂದಕ್ಕೆ ಶುಷ್ಕಕೋಶಗಳನ್ನು, ಇನ್ನೊಂದಕ್ಕೆ ಮರುಚಾರ್ಜ್ ಸೆಲ್‌ಗಳನ್ನು ಜೋಡಿಸಿ ಒಟ್ಟಿಗೆ ಚಾಲೂ ಮಾಡಿ. ಹತ್ತು ನಿಮಿಷಕ್ಕೊಮ್ಮೆ ಯಾವುದು ಜೋರು, ಯಾವುದು ನಿಧಾನ ಎಂದು ಬರೆದಿಡಿ. ಮೊದಲು ನಿಂತದ್ದು ಯಾವುದು? ನಿಂತ ಸೆಲ್‌ಗಳಿಗೆ ಅರ್ಧ ಗಂಟೆ ವಿಶ್ರಾಂತಿ ಕೊಟ್ಟು ಮತ್ತೆ ಜೋಡಿಸಿ. ಏನಾಯಿತು? ಕೊನೆಗೆ ನಿಂತ ಶುಷ್ಕಕೋಶವನ್ನು ಗೋಡೆ ಗಡಿಯಾರಕ್ಕೆ ಹಾಕಿ, ಎಷ್ಟು ದಿನ ನಡೆಯಿತು ನೋಡಿ.

ಯೋಚಿಸಿ, ಉತ್ತರಿಸಿ

1. ನಿಮ್ಮ ಮನೆಯಲ್ಲಿ ಸೆಲ್ ಬಳಸುವ ಉಪಕರಣಗಳು ಯಾವುವು? ಯಾವುದಕ್ಕೆ ಯಾವ ಬಗೆಯ ಸೆಲ್ ಸರಿ? ಕಾರಣ ಕೊಡಿ.

2. ಸೆಲ್ಲಿನ ಮೇಲೆ 1.5 ವೋಲ್ಟ್ ಎಂದು ಬರೆದಿದ್ದರೂ ಕ್ಯಾಮೆರಾಗೆ ಅಷ್ಟೂ ಸಿಗುವುದಿಲ್ಲ. ಏಕೆ?

3. 2400 ಎಂ.ಎ.ಎಚ್. ಸೆಲ್ಲನ್ನು 300 ಮಿಲಿಆಂಪಿಯರ್ ಕೊಡುವ ಚಾರ್ಜರಿನಲ್ಲಿ ತುಂಬಿಸಲು ಎಷ್ಟು ಹೊತ್ತು ಬೇಕು? ಐದನೇ ಒಂದು ಭಾಗ ಸೇರಿಸಲು ಮರೆಯಬೇಡಿ.

4. ನಿಮ್ಮ ಬೀದಿಯ ಹತ್ತು ಮನೆಗಳಲ್ಲಿ ಒಂದು ತಿಂಗಳಿಗೆ ಎಷ್ಟು ಸೆಲ್ ಎಸೆಯುತ್ತಾರೆ ಎಂದು ಕೇಳಿ ಬರೆಯಿರಿ. ಒಂದು ವರ್ಷಕ್ಕೆ ಎಷ್ಟಾಯಿತು? ಅವುಗಳಲ್ಲಿ ಎಷ್ಟರ ಬದಲು ಮರುಚಾರ್ಜ್ ಸೆಲ್ ಬಳಸಬಹುದಿತ್ತು? ನಿಮ್ಮ ಪಟ್ಟಿಯನ್ನು ತರಗತಿಯ ಗೋಡೆಗೆ ಅಂಟಿಸಿ, ಎಲ್ಲರೂ ಓದಲಿ.